ನಕ್ಷೆಗೆ ಬಣ್ಣ ಹಚ್ಚುವ ಮೊದಲು ಮಳೆಗಾಲದಲ್ಲಿ ಒಮ್ಮೆ ಬನ್ನಿ

(ಕುಶಾಲನಗರದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಈ ಮೇಜಿನ ಮೇಲೆ ಹರಡಿರುವುದು ನಮ್ಮೂರಿನ ಮಾಸ್ಟರ್ ಪ್ಲಾನ್ ನಕ್ಷೆ. ಹಳದಿ ಅಂದರೆ ಮನೆ ಕಟ್ಟುವ ಜಾಗ, ನೀಲಿ ವ್ಯಾಪಾರಕ್ಕೆ, ನೇರಳೆ ಕಾರ್ಖಾನೆಗೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಇದನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಕಾಗದದ ಮೇಲೆ ಬಣ್ಣ ಬದಲಾದ ದಿನವೇ ಗದ್ದೆಯ ರೇಟು ಏರುತ್ತದೆ. ಹಾಗಾಗಿ ಇದನ್ನು ಇಂಜಿನಿಯರುಗಳ ಕೆಲಸ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ಕೊಡಗಿನಲ್ಲಿ ಸಮತಟ್ಟು ಜಾಗ ಎಷ್ಟಿದೆ ಹೇಳಿ? ಮಡಿಕೇರಿಯಲ್ಲಿ ಒಂದು ಮನೆ ಕಟ್ಟಬೇಕಾದರೂ ಗುಡ್ಡ ಕಡಿಯಬೇಕು, ಕಡಿದ ಮೇಲೆ ಪ್ರತಿ ಮಳೆಗಾಲ ಬರೆ, ಅಂದರೆ ಆ ಕಡಿದ ಮಣ್ಣಿನ ಗೋಡೆ, ಕುಸಿಯುವ ಭಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಆದ ಭೂಕುಸಿತ ಕಂಡವರು ಕುಶಾಲನಗರದ ಬಯಲೇ ವಾಸಿ ಅಂದುಕೊಂಡರೆ ಅದರಲ್ಲಿ ತಪ್ಪೇನಿದೆ? ಮೈಸೂರು ರಸ್ತೆ ಇಲ್ಲೇ, ತಾಲೂಕು ಕೇಂದ್ರವೂ ಆಯಿತು. ಊರು ಬೆಳೆಯಲೇಬೇಕು. ನನ್ನ ತಕರಾರು ಅದು ಬೆಳೆಯುತ್ತಿರುವ ದಿಕ್ಕಿನ ಬಗ್ಗೆ.

ಹೊಳೆ ಬದಿಯ ಬಡಾವಣೆಯಲ್ಲಿ ನನ್ನ ಪರಿಚಯದವರೊಬ್ಬರ ಮನೆ ಇದೆ. ಅಲ್ಲಿ ಸ್ವಿಚ್‌ಬೋರ್ಡುಗಳೆಲ್ಲ ತಲೆಯ ಎತ್ತರದಲ್ಲಿವೆ. ಮಗು ಲೈಟ್ ಹಾಕಬೇಕಾದರೆ ಕುರ್ಚಿ ಹತ್ತಬೇಕು. 2018ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ನೀರು ನುಗ್ಗಿದ ಮೇಲೆ ವೈರಿಂಗ್ ಪೂರ್ತಿ ಮೇಲಕ್ಕೆ ಏರಿಸಿದರಂತೆ. ಗೋಡೆಗೆ ಎರಡು ಸಲ ಬಣ್ಣ ಹೊಡೆದರೂ ಕಿಟಕಿಯ ಮಟ್ಟದಲ್ಲಿ ಆ ಕಂದು ಗೆರೆ ಮತ್ತೆ ಎದ್ದು ಕಾಣುತ್ತದೆ. ಸಾಲ ಮಾಡಿ ಕಟ್ಟಿದ ಮನೆ, ಎಲ್ಲ ದಾಖಲೆಯೂ ಸರಿ ಇತ್ತು. ಅವರಿಗೆ ಸೈಟು ತೋರಿಸಿದ್ದು ಮಾರ್ಚ್ ತಿಂಗಳಲ್ಲಿ.

ಆ ಜಾಗ ಹಿಂದೆ ಗದ್ದೆಯಾಗಿತ್ತು. ಗದ್ದೆ ಅಂದರೆ ಬರೀ ಭತ್ತ ಬೆಳೆಯುವ ಜಾಗ ಅಲ್ಲ, ಮಳೆಗಾಲದಲ್ಲಿ ನೀರು ಬಂದು ನಿಂತು, ಇಂಗಿ, ತೋಡಿನ (ಸಣ್ಣ ಹಳ್ಳದ) ಮೂಲಕ ನಿಧಾನವಾಗಿ ಹೊಳೆ ಸೇರುವ ಜಾಗ. ಕಾವೇರಿ ತುಂಬಿ ಬಂದಾಗ ತೋಡಿನ ನೀರು ಹೊಳೆಗೆ ಇಳಿಯಲಾಗದೆ ಹಿಂದಕ್ಕೇ ಬರುತ್ತದೆ. ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿಯೂ ಬಂದು ಸೇರುತ್ತದೆ, ಎರಡೂ ಒಟ್ಟಿಗೆ ಉಕ್ಕಿದರೆ ಆ ನೀರಿಗೆ ನಿಲ್ಲಲು ಜಾಗ ಬೇಕಲ್ವಾ? ಅಲ್ಲಿಗೆ ಲೋಡುಗಟ್ಟಲೆ ಮಣ್ಣು ತುಂಬಿಸಿದರೆ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಪ್ಲಾನ್ ಆದ ಮೇಲೂ ಒಂದೊಂದೇ ಸರ್ವೆ ನಂಬರಿಗೆ ಅರ್ಜಿ ಹಾಕಿ ಭೂ ಬಳಕೆ ಬದಲಿಸಿಕೊಳ್ಳಲು ಕಾಯ್ದೆಯ 14ಎ ಕಲಂನಲ್ಲಿ ಅವಕಾಶ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ನಾವು ಓದುವುದಿಲ್ಲ. ಇಲ್ಲಿ ಎರಡು ಎಕರೆ, ಅಲ್ಲಿ ಮೂರು ಎಕರೆ ಅಂತ ಬದಲಾಗುತ್ತಾ ಹೋಗಿ ಕೊನೆಗೆ ತೋಡೇ ಮಾಯವಾಗುತ್ತದೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಪರಿಷ್ಕರಣೆಗೆ ಸರ್ವೆ ಮಾಡುವವರು ಜುಲೈ-ಆಗಸ್ಟ್‌ನಲ್ಲಿ ಒಮ್ಮೆ ಇಲ್ಲಿ ಕಾಲಿಟ್ಟು ನಡೆಯಲಿ. ಮೊದಲು ತೋಡು, ಕೆರೆ, ನೀರು ನಿಲ್ಲುವ ಗದ್ದೆ ಗುರುತಿಸಲಿ, ಆಮೇಲೆ ಹಳದಿ ಹಚ್ಚಲಿ. ಎತ್ತರದ ಜಾಗದಲ್ಲಿ ಬಡಾವಣೆ ಮಾಡೋಣ, ಬೇಕಾದರೆ ಪೇಟೆಯೊಳಗೆ ಇನ್ನೊಂದು ಮಹಡಿಗೆ ಅನುಮತಿ ಕೊಡಲಿ. ಹಾಗಂತ ಗದ್ದೆ ಉಳಿಸುವ ಭಾರ ಪೂರ್ತಿ ರೈತನ ತಲೆ ಮೇಲೆ ಹಾಕುವುದೂ ನ್ಯಾಯ ಅಲ್ಲ, ಅವನಿಗೂ ಮಗಳ ಮದುವೆ, ಆಸ್ಪತ್ರೆ ಖರ್ಚು ಇರುತ್ತದೆ. ಅವನಿಗೆ ಪರಿಹಾರ ಏನು ಅನ್ನುವುದನ್ನೂ ಅದೇ ಪ್ಲಾನ್‌ನಲ್ಲಿ ಬರೆಯಬೇಕು.

ಕರಡು ನಕ್ಷೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಬಾಯಿ ಮಾತಲ್ಲಿ ಹೇಳಿದರೆ ಆಗುವುದಿಲ್ಲ. ಸರ್ವೆ ನಂಬರ್ ಬರೆದು, ನೀರು ನಿಂತ ಫೋಟೋ ಲಗತ್ತಿಸಿ, ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ.

ಈಗ ಎಲ್ಲರೂ ಒಬ್ಬೊಬ್ಬರಾಗಿ ಮುಂದೆ ಬನ್ನಿ. ಪೆನ್ಸಿಲ್ ಇಲ್ಲಿದೆ. 2018, 2019ರಲ್ಲಿ ನಿಮ್ಮ ಮನೆ ಹತ್ತಿರ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಒಂದು ಗೆರೆ ಎಳೆಯಿರಿ. ವಯಸ್ಸಾದವರು ಮೊದಲು ಬರಲಿ, ಅದಕ್ಕೂ ಹಿಂದಿನ ನೀರು ನೋಡಿದವರು ಅವರೇ.