ಗದ್ದಲದಲ್ಲಿ ಅಡಗಿದ ಸಂಕೇತವನ್ನು ಬೆಳಕು ಹುಡುಕುವ ಬಗೆ

ಕೇಳುಗರೇ, ನಮಸ್ಕಾರ.

ಜಿಪಿಎಸ್ ಉಪಗ್ರಹದಿಂದ ನಿಮ್ಮ ಮೊಬೈಲ್ ತಲುಪುವ ಸಂಕೇತ ಎಷ್ಟು ಕ್ಷೀಣವೆಂದರೆ, ಅದು ರಿಸೀವರಿನ ಗದ್ದಲದಲ್ಲೇ ಮುಳುಗಿಹೋಗಿರುತ್ತದೆ. ಆದರೂ ಸಿಗುತ್ತದೆ. ಉಪಗ್ರಹವು ಸಂದೇಶವನ್ನು 1023 ತುಣುಕುಗಳ ಕೋಡ್ ಒಂದರ ಜೊತೆ ಹೆಣೆದು, ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡಿ ಕಳಿಸುತ್ತದೆ. ಇದೇ ಸ್ಪ್ರೆಡ್ ಸ್ಪೆಕ್ಟ್ರಂ. ಅದೇ ಕೋಡ್ ನಮ್ಮ ಬಳಿಯೂ ಇದ್ದರೆ, ಬಂದ ಸಂಕೇತದ ಜೊತೆ ಗುಣಿಸಿ, ಕೂಡಿ, ಸ್ವಲ್ಪ ಸರಿಸಿ, ಮತ್ತೆ ಗುಣಿಸಿ ನೋಡಬೇಕು. ಎರಡೂ ತಾಳೆಯಾದ ಜಾಗದಲ್ಲಿ ಮೊತ್ತ ಥಟ್ಟನೆ ಮೇಲೇಳುತ್ತದೆ.

ತ್ರಾಸವಿರುವುದು ಹೀಗೆ ಮತ್ತೆ ಮತ್ತೆ ಸರಿಸಿ ನೋಡುವುದರಲ್ಲಿ. ಚಿಪ್‌ಗಳಿಗೆ ಇಂದಿನ ವೇಗವಿಲ್ಲದಿದ್ದಾಗ ಎಂಜಿನಿಯರುಗಳು ಈ ಕೆಲಸವನ್ನು ಬೆಳಕಿಗೆ ಒಪ್ಪಿಸಿದರು. ನನಗಂತೂ ಇದು ಇಂದಿಗೂ ಬೆರಗು ಹುಟ್ಟಿಸುವ ಉಪಾಯ.

ಅದರ ಜೀವಾಳ ಬ್ರಾಗ್ ಕೋಶ. ಹೆಚ್ಚಾಗಿ ಟೆಲ್ಲುರಿಯಂ ಡೈಆಕ್ಸೈಡಿನ ಪುಟ್ಟ ಹರಳು. ಒಂದು ತುದಿಗೆ ವಿದ್ಯುತ್ತನ್ನು ಕಂಪನವಾಗಿಸುವ ತೆಳು ಫಲಕ. ರೇಡಿಯೋ ಸಂಕೇತ ಕೊಟ್ಟರೆ ಅದು ಶಬ್ದದ ಅಲೆಯಾಗಿ ಹರಳಿನೊಳಗೆ ಸಾಗುತ್ತದೆ, ಅಲೆ ಇರುವಲ್ಲಿ ಲೇಸರ್ ಬೆಳಕು ಬಾಗುತ್ತದೆ. ಶಬ್ದದ ಅಲೆ ಬೆಳಕನ್ನು ಹೀಗೆ ಚದುರಿಸುವುದನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1930ರ ದಶಕದಲ್ಲೇ ಗಣಿತದಲ್ಲಿ ವಿವರಿಸಿದ್ದರು. ಈ ಹರಳಿನಲ್ಲಿ ಒಂದು ಬಗೆಯ ಅಲೆ ಸೆಕೆಂಡಿಗೆ ಸುಮಾರು 617 ಮೀಟರ್ ಮಾತ್ರ ಚಲಿಸುತ್ತದೆ. ಅಂದರೆ 10 ಮೈಕ್ರೋಸೆಕೆಂಡಿನ ಸಂಕೇತ ಆರು ಮಿಲಿಮೀಟರಿನಲ್ಲಿ ಹರಡಿಕೊಂಡಿರುತ್ತದೆ. ಕಾಲ ಇಲ್ಲಿ ಉದ್ದವಾಗಿ ಮಾರ್ಪಟ್ಟಿದೆ!

ಆದರೆ ಜಿಪಿಎಸ್ ಕೋಡ್ ಪೂರ್ತಿಯಾಗಲು ಒಂದು ಮಿಲಿಸೆಕೆಂಡ್ ಬೇಕು. ಅದಕ್ಕೆ ಅರವತ್ತು ಸೆಂಟಿಮೀಟರಿಗೂ ಉದ್ದದ ಹರಳು ಬೇಕಾದೀತು. ಅಂಥ ದೀರ್ಘ ಕೋಡ್‌ಗಳಿಗೆ ಬೇರೆ ದಾರಿ ಹಿಡಿದರು. ಬಂದ ಸಂಕೇತಕ್ಕೆ ತಕ್ಕಂತೆ ಲೇಸರಿನ ಪ್ರಖರತೆಯನ್ನು ಏರಿಳಿಸುವುದು, ನಮ್ಮ ಕೋಡನ್ನು ಹರಳಿನಲ್ಲಿ ಹರಿಸುವುದು. ಬೆಳಕು ಹಾದುಹೋಗುವಾಗಲೇ ಗುಣಾಕಾರ ಮುಗಿದಿರುತ್ತದೆ. ಆಚೆ ಸಾಲಾಗಿ ಕೂತ ಬೆಳಕಿನ ಸಂವೇದಕಗಳು, ಕೋಡನ್ನು ಸರಿಸಿದ ಒಂದೊಂದು ಅಂತರಕ್ಕೆ ಒಂದೊಂದರಂತೆ, ಗುಣಲಬ್ಧವನ್ನು ಕೂಡಿಡುತ್ತಾ ಹೋಗುತ್ತವೆ. ನೂರಾರು ಅಂತರಗಳ ತಾಳೆ ಏಕಕಾಲಕ್ಕೆ ನಡೆಯುತ್ತದೆ. ತಾಳೆಯಾದ ಕಡೆ ಶಿಖರವೊಂದು ಎದ್ದು ನಿಲ್ಲುತ್ತದೆ.

ಸ್ಪ್ರೆಡ್ ಸ್ಪೆಕ್ಟ್ರಂನ ಇನ್ನೊಂದು ಬಗೆಯಾದ, ಆವರ್ತನದಿಂದ ಆವರ್ತನಕ್ಕೆ ಜಿಗಿಯುವ ಸಂಕೇತಗಳಿಗಾದರೆ ಹರಳಿನ ಆಚೆ ಒಂದು ಮಸೂರ ಸಾಕು. ಅದು ಪ್ರತಿ ಆವರ್ತನವನ್ನೂ ಬೇರೆ ಬೇರೆ ಬಿಂದುವಿನಲ್ಲಿ ಕೂರಿಸುತ್ತದೆ. ಸಂಕೇತ ಜಿಗಿದಂತೆ ಬಿಂದುವೂ ಜಿಗಿಯುತ್ತದೆ.

ತೊಡಕುಗಳೂ ಇದ್ದವು. ಕನ್ನಡಿ, ಮಸೂರ ಕೊಂಚ ಅಲುಗಿದರೂ ಲೆಕ್ಕ ಕೆಡುತ್ತದೆ. ಪ್ರಬಲ ಸಂಕೇತದ ಪಕ್ಕದ ದುರ್ಬಲ ಸಂಕೇತವನ್ನು ಗುರುತಿಸುವುದೂ ಕಷ್ಟ. ಅಷ್ಟರಲ್ಲಿ ಡಿಜಿಟಲ್ ಚಿಪ್‌ಗಳು ವೇಗ ಪಡೆದವು, ಕೋಡ್ ಬಿಡಿಸುವ ಕೆಲಸ ಬಹುಪಾಲು ಅವುಗಳ ಪಾಲಾಯಿತು. ಆದರೂ 2009ರಲ್ಲಿ ಹಾರಿದ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದಲ್ಲಿ, ನಕ್ಷತ್ರಗಳ ನಡುವಿನ ನೀರಾವಿಯ ರೋಹಿತವನ್ನು ಬಿಡಿಸಿದ ಉಪಕರಣದೊಳಗೆ ಇದ್ದದ್ದು ಇಂಥದ್ದೇ ಬ್ರಾಗ್ ಕೋಶ.