ಹೆಸರು ಲಿಲ್ಲಿ, ಗಿಡ ಬೇರೆ

ಪರದೆ ಮೇಲೆ ಈಗ ಐದು ಹೂಗಳಿವೆ. ಪೀಸ್ ಲಿಲ್ಲಿ, ಕ್ಯಾಲಾ ಲಿಲ್ಲಿ, ರೇನ್ ಲಿಲ್ಲಿ, ಡೇ ಲಿಲ್ಲಿ, ಕೊನೆಗೆ ಈಸ್ಟರ್ ಲಿಲ್ಲಿ. ಐದಕ್ಕೂ ಹೆಸರು ಲಿಲ್ಲಿಯೇ, ಆದರೆ ನಿಜವಾದ ಲಿಲ್ಲಿಗಳ ಕುಲವಾದ ಲಿಲಿಯಮ್‌ಗೆ ಸೇರಿದ್ದು ಆ ಕೊನೆಯದೊಂದೇ.

ಮೊದಲೆರಡು ಕೆಸುವಿನ ಕುಟುಂಬದವು. ನಾವು ದಳ ಅಂದುಕೊಳ್ಳೋದು ಹೂಗೊಂಚಲನ್ನು ಸುತ್ತಿರುವ ಒಂದು ಎಲೆ. ನಿಜವಾದ ಹೂಗಳು ನಡುವಿನ ಆ ಕಡ್ಡಿಯ ಮೇಲೆ ಸಣ್ಣ ಸಣ್ಣದಾಗಿ ಅಂಟಿಕೊಂಡಿವೆ. ಇನ್ನು ವಾಟರ್ ಲಿಲ್ಲಿ. ಅದನ್ನು ಕನ್ನಡದಲ್ಲಿ ನೈದಿಲೆ ಅಂದುಬಿಟ್ಟರೆ ಗೊಂದಲವೇ ಇಲ್ಲ, ಎಷ್ಟು ಒಳ್ಳೆಯ ಹೆಸರು!

ಉಳಿದವನ್ನು ಗುರುತಿಸೋಕೆ ಹೂವಿನ ಬಣ್ಣ ಬಿಡಿ, ಕಾಂಡ ನೋಡಿ. ಲಿಲಿಯಮ್‌ನಲ್ಲಿ ಒಂದೇ ನೆಟ್ಟಗಿನ ಕಾಂಡ, ಅದರುದ್ದಕ್ಕೂ ಎಲೆ, ತುದಿಯಲ್ಲಿ ಹೂ. ಡೇ ಲಿಲ್ಲಿಯ ಎಲೆಗಳು ಪಟ್ಟಿಯ ಹಾಗೆ ಬುಡದಿಂದಲೇ ಬರುತ್ತವೆ, ಹೂದಂಟು ಬೋಳು. ಒಂದು ಹೂವಿನ ಆಯಸ್ಸು ಒಂದೇ ದಿನ. ಹೆಮರೊಕ್ಯಾಲಿಸ್ ಅನ್ನೋ ಅದರ ಗ್ರೀಕ್ ಹೆಸರಲ್ಲೂ ‘ದಿನ’ ಮತ್ತು ‘ಚೆಲುವು’ ಇವೆ. ರೇನ್ ಲಿಲ್ಲಿಯ ದಂಟೂ ಬೋಳೇ, ಆದರೆ ಹೂವನ್ನು ಪಕ್ಕದಿಂದ ನೋಡಿ: ದಳಗಳ ಕೆಳಗೊಂದು ಹಸಿರು ಉಬ್ಬು. ಅದು ಅಂಡಾಶಯ. ಲಿಲಿಯಮ್‌ನಲ್ಲಿ ಅದು ಹೂವಿನ ಒಳಗಿರುತ್ತದೆ, ಸುತ್ತ ಆರು ಕೇಸರ, ಆರು ದಳ.

ಪಶ್ಚಿಮದ ಚಿತ್ರಗಳಲ್ಲಿ ಗೇಬ್ರಿಯಲ್ ದೇವದೂತ ಮೇರಿಯ ಮುಂದೆ ಹಿಡಿದು ನಿಲ್ಲುವ ಬಿಳಿ ಹೂ ಮಡೋನಾ ಲಿಲ್ಲಿ, ಶುದ್ಧತೆಯ ಗುರುತು. ಫ್ರಾನ್ಸಿನ ರಾಜಲಾಂಛನವಾದ ‘ಫ್ಲರ್ ಡಿ ಲೀ’ಗೆ ಲಿಲ್ಲಿಯ ಹೆಸರಿದ್ದರೂ, ಅದರ ಮಾದರಿ ಹಳದಿ ಐರಿಸ್ ಅಂತ ಹಲವರು ವಾದಿಸುತ್ತಾರೆ.

ಈಗ ಲಿಲಿಯಮ್‌ನ ಗೆಡ್ಡೆ. ಈರುಳ್ಳಿಗಿರುವ ಕಾಗದದಂಥ ಸಿಪ್ಪೆ ಇದಕ್ಕಿಲ್ಲ, ಬರೀ ದಪ್ಪ ಪೊರೆಗಳ ಜೋಡಣೆ. ಅದಕ್ಕೇ ಹೊರಗಿಟ್ಟರೆ ಬೇಗ ಒಣಗುತ್ತದೆ, ಕೈಗೆ ಬಂದ ಕೂಡಲೇ ನೆಡಬೇಕು. ಆಳ ಸುಮಾರು 15 ಸೆಂಟಿಮೀಟರ್, ಅಂದರೆ ಗೆಡ್ಡೆಯ ಎತ್ತರದ ಎರಡರಿಂದ ಮೂರು ಪಟ್ಟು. ಬಹುತೇಕ ಲಿಲ್ಲಿಗಳು ಗೆಡ್ಡೆಯ ಮೇಲಿನ ಕಾಂಡದಿಂದಲೂ ಬೇರು ಬಿಡುತ್ತವೆ, ಆ ಬೇರಿಗೆ ಮಣ್ಣು ಬೇಕು. ಮಡೋನಾ ಲಿಲ್ಲಿ ಮಾತ್ರ ತದ್ವಿರುದ್ಧ: ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಸಾಕು, ಆಳಕ್ಕೆ ಹೋದರೆ ಹೂ ಬಿಡದೆ ಸತಾಯಿಸುತ್ತದೆ. ಯಾವುದೇ ಆಗಲಿ, ನೀರು ನಿಂತರೆ ಪೊರೆಗಳು ಬುಡದಿಂದಲೇ ಕೊಳೆಯುತ್ತವೆ.

ಪರಾಗ ಬಟ್ಟೆಗೆ ಅಂಟಿದರೆ ನೀರು ಹಾಕಬೇಡಿ, ಉಜ್ಜಬೇಡಿ, ಕಲೆ ಕೂರುತ್ತದೆ. ಒಣಗಿದ್ದಾಗಲೇ ಅಂಟುಪಟ್ಟಿ ಒತ್ತಿ ಎತ್ತಿ. ಹೂ ಅರಳಿದ ಕೂಡಲೇ ಪರಾಗಕೋಶಗಳನ್ನು ಚಿವುಟಿದರೆ ಆ ತೊಂದರೆಯೇ ಇಲ್ಲ.

ಆದರೆ ಮನೆಯಲ್ಲಿ ಬೆಕ್ಕಿದ್ದರೆ ಚಿವುಟಿದ್ದು ಸಾಲದು, ದಯವಿಟ್ಟು ಲಿಲಿಯಮ್ ಮತ್ತು ಡೇ ಲಿಲ್ಲಿ ಎರಡನ್ನೂ ಒಳಗೆ ತರಬೇಡಿ. ಎಲೆ, ದಳ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದ್ದು, ಹೂದಾನಿಯ ನೀರು ಕೂಡ ಅದರ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪೀಸ್ ಲಿಲ್ಲಿ ಹಾಗಲ್ಲ, ಬಾಯಿ ಉರಿಸುತ್ತದೆ, ಜೊಲ್ಲು ಸುರಿಸುತ್ತದೆ, ಮೂತ್ರಪಿಂಡದ ತಂಟೆಗೆ ಹೋಗುವುದಿಲ್ಲ. ಬೆಕ್ಕು ಲಿಲ್ಲಿ ಕಚ್ಚಿದ್ದು ಕಂಡರೆ ವಾಂತಿ ಆಗಲಿ ಅಂತ ಕಾಯದೆ ಆ ಕ್ಷಣವೇ ಪಶುವೈದ್ಯರ ಬಳಿ ಹೋಗಿ. ಗಿಡದ ಒಂದು ತುಂಡನ್ನೂ ಜೊತೆಗೆ ಒಯ್ಯಿರಿ, ಯಾವ ಲಿಲ್ಲಿ ಅಂತ ಅವರಿಗೆ ಗೊತ್ತಾಗಬೇಕು.