ಟ್ರೇಲರ್ ಯಾಕೆ ಉಲ್ಟಾ ಹೋಗುತ್ತದೆ?

[ದೃಶ್ಯ: ಜಾತ್ರೆಯ ಮೈದಾನ. ಟ್ರ್ಯಾಕ್ಟರ್ ಟ್ರೇಲರ್ ಸಮೇತ ಹಿಂದಕ್ಕೆ ಓಡುತ್ತಿದೆ. ಶಿಳ್ಳೆ, ಕೇಕೆ.]

ನಮಸ್ಕಾರ. ಬೆಳಗಾವಿ, ಬಾಗಲಕೋಟೆ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನಡೆಯುತ್ತದೆ. ಅದರ ತುಣುಕು ಹಾಕಿದಾಗ ಒಬ್ಬರು ಕೇಳಿದ್ದರು: "ಸರ್, ಕಾರು ಆರಾಮಾಗಿ ರಿವರ್ಸ್ ತೆಗೀತೀನಿ. ನಮ್ಮ ಮಾವನ ಟ್ರ್ಯಾಕ್ಟರ್ ಹತ್ತಿದರೆ ಟ್ರೇಲರ್ ನನ್ನ ಮಾತೇ ಕೇಳಲ್ಲ. ಯಾಕೆ?"

ಕೇಳುತ್ತದೆ ಸ್ವಾಮಿ. ಹೇಳಿದ್ದನ್ನು ಉಲ್ಟಾ ಕೇಳುತ್ತದೆ, ಅಷ್ಟೇ.

ಬೇಸಿಕ್ ಬೇಗ ಮುಗಿಸೋಣ. ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಹಿಂದೆ ಹೋದರೆ ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿಯುತ್ತದೆ. ಹುಕ್ಕು ಇರುವುದೇ ಅಲ್ಲಿ. ಅದು ಟ್ರೇಲರಿನ ಮೂತಿಯನ್ನು ಬಲಕ್ಕೆ ತಳ್ಳುತ್ತದೆ. ಮೂತಿ ಬಲಕ್ಕೆ ಹೋದರೆ ಬಾಲ ಎಡಕ್ಕೆ. ಮುಗಿಯಿತು.

ಆದರೆ ಉಲ್ಟಾ ಅನ್ನುವುದು ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ನಿಜವಾದ ಕಷ್ಟ ನೇರ ಹೋಗುವುದು!

[ದೃಶ್ಯ: ಅಂಗೈ ಮೇಲೆ ಉದ್ದದ ಕೋಲು]

ಮುಂದಕ್ಕೆ ಹೋಗುವಾಗ ಟ್ರೇಲರ್ ಅಂದರೆ ಕೈಯಿಂದ ನೇತಾಡುವ ಕೋಲು. ಎಷ್ಟೇ ಅಲ್ಲಾಡಲಿ, ತಾನಾಗಿ ನೇರವಾಗುತ್ತದೆ. ರಿವರ್ಸ್ ಅಂದರೆ ಅದೇ ಕೋಲು ಅಂಗೈ ಮೇಲೆ ನಿಂತಿದೆ. ಕೂದಲೆಳೆಯಷ್ಟು ವಾಲಿದರೆ ಸಾಕು, ಆ ವಾಲು ಬೆಳೆಯುತ್ತಲೇ ಹೋಗುತ್ತದೆ. ಚಿಕ್ಕಂದಿನಲ್ಲಿ ಪೊರಕೆ ನಿಲ್ಲಿಸಿ ಬೈಸಿಕೊಂಡವರಿಗೆ ಗೊತ್ತು: ಕೋಲು ಬೀಳುವ ಕಡೆಗೇ ಕೈ ಓಡಬೇಕು. ಇಲ್ಲೂ ಅಷ್ಟೇ. ಬಾಲ ಎಡಕ್ಕೆ ಜಾರಿತೇ? ಸ್ಟೀರಿಂಗೂ ಎಡಕ್ಕೆ.

ಈಗ ಕೋಲು ಬಿಟ್ಟು ಪೆನ್ಸಿಲ್ ನಿಲ್ಲಿಸಿ ನೋಡಿ. ನಾನು ಅರ್ಧ ಗಂಟೆ ಒದ್ದಾಡಿದೆ. ಮನೆಯವರು ಬಂದು ನೋಡಿ ಸುಮ್ನೆ ಹೋದರು. ಪೆನ್ಸಿಲ್ ವಾಲುತ್ತಿದೆ ಅಂತ ಕಣ್ಣಿಗೆ ತಿಳಿಯುವ ಹೊತ್ತಿಗೆ ಅದು ನೆಲದ ಮೇಲೆ. ಉದ್ದದ ಕೋಲು ನಿಧಾನಕ್ಕೆ ಬೀಳುತ್ತದೆ, ಗಿಡ್ಡದ್ದು ಪಟ್ ಅಂತ. ಅದಕ್ಕೇ ಗಿಡ್ಡ ಟ್ರೇಲರಿನದೇ ಜಾಸ್ತಿ ತರಲೆ. ಎರಡು ಚಕ್ರದ ಪುಟಾಣಿ ನೀರಿನ ಟ್ಯಾಂಕರ್ ನೋಡಿ "ಇದೇನು ಮಹಾ" ಅಂದುಕೊಳ್ಳುತ್ತೀರಿ. ಅದು ಕಣ್ಣು ಮಿಟುಕಿಸುವುದರೊಳಗೆ ಮಡಚಿಕೊಂಡಿರುತ್ತದೆ. ಉದ್ದದ ಟ್ರೇಲರ್ ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ.

ಎಡಿಟರ್ ಕೈಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಒಂದೇ ಉಸಿರಿಗೆ. ಸ್ಟೀರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ, ಆಗ ಕೈ ಹೋದ ಕಡೆಗೇ ಬಾಲ ಹೋಗುತ್ತದೆ. ಚೂರು ಚೂರೇ ತಿರುಗಿಸಿ. ಜಾಸ್ತಿ ಮಡಚಿತು ಅನಿಸಿದರೆ ಹಟ ಬೇಡ, ಮುಂದೆ ಹೋಗಿ ನೇರ ಮಾಡಿಕೊಂಡು ಬನ್ನಿ. ಟ್ರೇಲರ್ ಹಿಂದೆ ಯಾರೂ ನಿಲ್ಲಬಾರದು. "ಬರ್ಲಿ, ಬರ್ಲಿ" ಅನ್ನುವವರು ಒಬ್ಬರೇ ಇರಲಿ, ಅವರು ಪಕ್ಕದಲ್ಲಿ, ಕನ್ನಡಿಯಲ್ಲಿ ಕಾಣುವ ಹಾಗೆ. ನಮ್ಮಲ್ಲಿ ಎಂಟು ಜನ ಇರುತ್ತಾರೆ, ಅಲ್ವಾ?

[ದೃಶ್ಯ: ಕಬ್ಬು ತುಂಬಿದ ಎರಡು ಟ್ರೇಲರ್]

ಕೊನೆಗೊಂದು ತಮಾಷೆ. ಕೆಲವು ನಾಲ್ಕು ಚಕ್ರದ ಟ್ರೇಲರುಗಳಲ್ಲಿ ಮುಂದಿನ ಚಕ್ರಗಳೂ ತಿರುಗುತ್ತವೆ. ಅಂದರೆ ಹುಕ್ಕಿನ ಹತ್ತಿರ ಒಂದು ಕೀಲು, ಆ ಚಕ್ರಗಳ ಮೇಲೆ ಇನ್ನೊಂದು. ಉಲ್ಟಾದ ಉಲ್ಟಾ! ಬಾಲ ಮತ್ತೆ ಕಾರಿನ ಹಾಗೆ, ಸ್ಟೀರಿಂಗ್ ತಿರುಗಿದ ಕಡೆಗೇ ಹೋಗುತ್ತದೆ. ಸುಲಭ ಅಂದುಕೊಂಡಿರಾ? ಅದು ಕೋಲಿನ ತುದಿಯಲ್ಲಿ ಇನ್ನೊಂದು ಕೋಲು ನಿಲ್ಲಿಸಿದ ಹಾಗೆ. ಕಬ್ಬಿನ ಸೀಸನ್ನಿನಲ್ಲಿ ಅಂಥ ಎರಡು ಟ್ರೇಲರ್ ಕಟ್ಟಿದರೆ ನಾಲ್ಕು ಕೀಲು, ನಾಲ್ಕು ಕೋಲು.

ಮಾವನ ಟ್ರೇಲರಿನಲ್ಲಿ ಎಷ್ಟು ಕೀಲು ಇವೆ? ಎಣಿಸಿ ಕಾಮೆಂಟ್ ಹಾಕಿ. ಆಮೇಲೆ ಬೈಯೋಣ ಅದಕ್ಕೆ.